ನೂರ್ ಅಹಮದನ ಅಂಗಿಯ ವಾಸನೆ

ಬಸ್ ಸ್ಟ್ಯಾಂಡಿನ ಪಕ್ಕ ಬೈಕ್ ರಿಪೇರಿ ಅಂಗಡಿ ಇಟ್ಟುಕೊಂಡು, ಕೂಲಿ ಕೇಳುವಾಗ ಗಿರಾಕಿಗಿಂತ ತಾನೇ ಹೆಚ್ಚು ನಾಚಿಕೊಳ್ಳುವ ನೂರ್ ಅಹಮದ್ ಇದ್ದಾನಲ್ಲ, ಅವನು ಕಾಲೇಜು ಓದುವಾಗ ಹರಪನಹಳ್ಳಿಗೇ ದೊಡ್ಡ ಸಿಗರೇಟುಗಾರ ಎಂದು ಹೆಸರಾಗಿದ್ದ. ಹೆಸರು ಅಂದರೆ ಸಣ್ಣ ಹೆಸರಲ್ಲ. ಹೊಸದಾಗಿ ಸೇರಿದ ಹುಡುಗರು ಅವನನ್ನು ದೂರದಿಂದ ತೋರಿಸಿ, "ಅಕಾ ನೋಡಲೇ, ಉಸ್ತಾದ್ ಹೊಂಟಾನ" ಎನ್ನುತ್ತಿದ್ದರು. ಉಸ್ತಾದ್ ಆವರೆಗೆ ಒಂದೇ ಒಂದು ಸಿಗರೇಟನ್ನೂ ಸೇದಿರಲಿಲ್ಲ ಎಂಬುದು ಬೇರೆ ಮಾತು.

ಆ ಬೇರೆ ಮಾತಿಗೆ ಬರುವ ಮುಂಚೆ ಅವನ ತಾಯಿ ಲಾಲ್ ಬೀಯ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ಕಥೆಗೆ ಬುಡವೇ ಇಲ್ಲ. ಅವರ ಓಣಿಯಲ್ಲಿ ಬಾಗಿಲಿಗೊಬ್ಬ ಹೆಂಗಸು ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಾಳೆ. ಲಾಲ್ ಬೀಯೂ ಅವರಲ್ಲೊಬ್ಬಳು. ಕಾಲಲ್ಲಿ ತೊಟ್ಟಿಲು ತೂಗುತ್ತ, ಕೈಯಲ್ಲಿ ಎಲೆ ಸುತ್ತುತ್ತ, ಬಾಯಲ್ಲಿ ಪಕ್ಕದ ಮನೆಯ ಅಂಜಿನಕ್ಕನ ಜೊತೆ ಜಗಳವಾಡುತ್ತ, ಮೂರನ್ನೂ ಒಟ್ಟಿಗೆ ಮಾಡಿದವಳು. ತವರು ನೀಲಗುಂದ. ಭೀಮೇಶ್ವರನ ಗುಡಿಯ ಕಲ್ಲಿನ ಕೆತ್ತನೆ ನೋಡುತ್ತಾ ಬೆಳೆದದ್ದಕ್ಕೇ ತನ್ನ ಬೀಡಿಗಳು ಒಂದರಂತೆ ಒಂದು ಬರುತ್ತವೆ ಎಂದು ಹೇಳಿಕೊಳ್ಳುತ್ತಿದ್ದಳು. ಗುಡಿಗೂ ಬೀಡಿಗೂ ಏನು ಸಂಬಂಧವೋ ಆ ಭೀಮೇಶ್ವರನೇ ಹೇಳಬೇಕು. ಆದರೂ ಕಂಟ್ರಾಕ್ಟರ್ ಅವಳ ಮೊರದಿಂದ ಕಳಪೆ ಎಂದು ತೆಗೆದಿಡುತ್ತಿದ್ದ ಬೀಡಿ ಬಹಳ ಕಡಿಮೆ. ಆ ಕಡಿಮೆಗೂ ಮನೆಯಲ್ಲೇ ಒಬ್ಬ ಗಿರಾಕಿ ಇದ್ದ. ಅವಳ ಗಂಡ ದಾದಾಪೀರ್. ಸೈಕಲ್ ಅಂಗಡಿಯವನು. ಹೆಂಡತಿಯ ಕಳಪೆ ಬೀಡಿ ಸೇದಿಕೊಂಡು, ಕೆಮ್ಮಿಕೊಂಡು, ಟ್ಯೂಬಿಗೆ ತೇಪೆ ಹಾಕುತ್ತಾ ಕಾಲ ಕಳೆದ ಪುಣ್ಯಾತ್ಮ.

ಇಂಥವರ ಹೊಟ್ಟೆಯಲ್ಲಿ ಹುಟ್ಟಿದ ನೂರ್ ಅಹಮದನಿಗೆ ಹೊಗೆ ಆಗುತ್ತಿರಲಿಲ್ಲ. ಎಳೆಗೂಸಾಗಿದ್ದಾಗ ಅಪ್ಪ ಬೀಡಿ ಹಚ್ಚಿ ಎತ್ತಿಕೊಂಡರೆ ಸಾಕು, ಕುಡಿದ ಹಾಲೆಲ್ಲ ಅಪ್ಪನ ಭುಜದ ಮೇಲೆ. ಹಸಿ ತಂಬಾಕು ಮಾತ್ರ ಏನೂ ಮಾಡುತ್ತಿರಲಿಲ್ಲ. ಶಾಲೆಯಿಂದ ಬಂದವನೇ ತಂಗಿ ಶಬ್ನಮ್ ಜೊತೆ ಕೂತು, ಕಟ್ಟಿದ ಬೀಡಿಗಳ ಬಾಯಿ ಮಡಚಿ ಮುಚ್ಚುತ್ತಿದ್ದ. ಬೆರಳು ಅಷ್ಟು ಚುರುಕು.

ಆ ಬೆರಳೇ ಅವನಿಗೆ ಮುಳುವಾಯಿತು. ಹೈಸ್ಕೂಲಿನಲ್ಲಿ ಯಾವನೋ ಒಬ್ಬ ಅವನ ಕೈ ಮೂಸಿ "ಬೀಡಿ" ಎಂದು ಹೆಸರಿಟ್ಟ. ಹೆಸರಿಡುವುದು ಎಷ್ಟು ಸುಲಭ ನೋಡಿ, ಕೀಳುವುದು ಆಗಲೇ ಇಲ್ಲ. ಕಬಡ್ಡಿಯಲ್ಲಿ ಬೀಡಿ, ಊಟದ ಸಾಲಿನಲ್ಲಿ ಬೀಡಿ. ಕಡೆಗೆ ಗಣಿತದ ಮಾಸ್ತರೂ ಒಮ್ಮೆ ಬಾಯಿತಪ್ಪಿ "ಏ ಬೀಡಿ, ಬೋರ್ಡಿಗೆ ಬಾರಪ್ಪ" ಎಂದುಬಿಟ್ಟರು. ಹೀಗಾಗಿ ತೊಂಬತ್ತೇಳರಲ್ಲಿ, ಹೈಸ್ಕೂಲಿನ ಜೊತೆಯವರು ಯಾರೂ ಇಲ್ಲದ ಕಾಲೇಜಿಗೆ ಹೆಸರು ಹಚ್ಚಿದಾಗ ನೂರ್ ಅಹಮದ್ ಒಂದೇ ಒಂದು ತೀರ್ಮಾನ ಮಾಡಿಕೊಂಡ. ಇಲ್ಲಿ ಯಾರಿಗೂ ತನ್ನ ಮನೆಯ ಕೆಲಸ ಗೊತ್ತಾಗಬಾರದು. ಗೊತ್ತಾಯಿತೋ, ಮತ್ತೆ ಬೀಡಿಯೇ ಗತಿ.

ಎರಡೇ ಅಂಗಿ ಇದ್ದವು. ಸೋಪು ಹಚ್ಚಿ ಕುಕ್ಕಿ ಕುಕ್ಕಿ ಒಗೆದು, ಮನೆಯಲ್ಲಿ ಒಣಹಾಕದೆ ಅಪ್ಪನ ಸೈಕಲ್ ಅಂಗಡಿಯ ಹಿಂದೆ ತಂತಿಗೆ ಹಾಕಿ, ಬೇವಿನ ಎಲೆ ಇಟ್ಟು ಟ್ರಂಕಿಗೆ ತುಂಬುತ್ತಿದ್ದ. ಮೇಲೆ ಪೌಡರು ಬೇರೆ. ಏನು ಮಾಡಿದರೇನು! ಎಲೆ ನೆನೆಹಾಕಿದ ಒದ್ದೆ ಗೋಣಿತಟ್ಟು, ತಂಬಾಕಿನ ಡಬ್ಬಿ, ಆ ಟ್ರಂಕು, ಅವನು ಮಲಗುವ ಚಾಪೆ ಎಲ್ಲ ಒಂದೇ ಕೋಣೆಯಲ್ಲಿ. ವಾಸನೆಗೆ ಬೀಗ ಹಾಕಲಾದೀತೇ?

ಕಾಲೇಜಿನ ಹಿಂದೆ ಒಂದು ಮೋರಿ ಕಟ್ಟೆ ಇತ್ತು. ಎಲ್ಲರಿಗೂ ಅಲ್ಲಿ ಜಾಗವಿರಲಿಲ್ಲ. ಅಲ್ಲಿ ಕೂರುವವನು ಪ್ರವೀಣಕುಮಾರ, ಮೆಕ್ಕೆಜೋಳದ ವ್ಯಾಪಾರಿ ಉಜ್ಜಿನಪ್ಪನ ಮಗ. ಅವನ ಜೊತೆ ಕೊಟ್ಟೂರಿಂದ ಬಸ್ಸಿಗೆ ಬರುವ ಕೊಟ್ರೇಶ, ಇನ್ನೂ ನಾಲ್ಕಾರು ಹುಡುಗರು. ಅವರು ನಕ್ಕರೆ ಕಾಲೇಜು ನಗುತ್ತಿತ್ತು. ನೂರ್ ಅಹಮದನಿಗೆ ಆ ಕಟ್ಟೆಯ ಮೇಲೆ ಒಂದು ಮೊಳ ಜಾಗ ಸಿಕ್ಕರೆ ಸಾಕಾಗಿತ್ತು. ಆದರೆ ಹತ್ತಿರ ಹೋದರೆ ಮೂಸುತ್ತಾರಲ್ಲ ಎಂಬ ಭಯ.

ಒಂದು ದಿನ ಪ್ರವೀಣನೇ ಕರೆದ. "ಏ, ಇಲ್ಲಿ ಬಾರಲೇ. ಹೆಸ್ರೇನು?"

ಹೇಳಿದ. ಪ್ರವೀಣ ಮೂಗು ಮುಂದೆ ಮಾಡಿ ಅವನ ಕಾಲರಿನ ಹತ್ತಿರ ಉಸಿರೆಳೆದ.

"ಯಪ್ಪಾ! ಲೇ ಕೊಟ್ರೇಶ, ಇವ್ನು ಭಾರೀ ಅದಾನಲೇ. ಮುಂಜಾನಿಗೇ ಎಷ್ಟು ಸೇದಿ ಬಂದಾನ ನೋಡು! ಏನಲೇ, ಸಿಗರೇಟು ಸೇದ್ತಿಯೇನು?"

ಕಟ್ಟೆಯ ಮೇಲಿನ ಆ ಹುಡುಗರಾರೂ ಅಲ್ಲಿಯವರೆಗೆ ಸಿಗರೇಟು ಮುಟ್ಟಿದವರಲ್ಲ, ಅದೇ ತಮಾಷೆ. ಹಸಿ ತಂಬಾಕಿನ ವಾಸನೆ ಯಾವುದು, ಸೇದಿದ ಹೊಗೆಯ ವಾಸನೆ ಯಾವುದು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ನೂರ್ ಅಹಮದನ ಮುಂದೆ ಎರಡೇ ದಾರಿ. ಬೀಡಿ ಕಟ್ಟುವವಳ ಮಗ ಎನಿಸಿಕೊಳ್ಳುವುದು, ಇಲ್ಲ ಸೇದುವವನು ಎನಿಸಿಕೊಳ್ಳುವುದು.

"ಸೇದ್ತೀನಿ" ಎಂದ.

"ಯಾವಾಗಿಂದ?"

"ಏಳನೇ ಕ್ಲಾಸಿನಿಂದ."

ಇಷ್ಟು ದೊಡ್ಡ ಸುಳ್ಳು ಬಾಯಿಂದ ಇಷ್ಟು ಸಲೀಸಾಗಿ ಹೊರಬಂದದ್ದಕ್ಕೆ ಅವನಿಗೇ ಆಶ್ಚರ್ಯ. ಪ್ರವೀಣ ಸರಿದು ಜಾಗ ಕೊಟ್ಟ. ಒಂದು ಮೊಳ ಅಲ್ಲ, ಎರಡು ಮೊಳ.

ಜಾಗ ಕೊಟ್ಟವರು ಸುಮ್ಮನಿರುತ್ತಾರೆಯೇ? ಕಲಿಸು ಎಂದರು. ಹರೆಯದ ಹುಡುಗರಿಗೆ ಆಸೆ ಎಲ್ಲರಿಗೂ ಇರುತ್ತದೆ, ಮೊದಲು ಇಳಿಯುವವನೊಬ್ಬ ಬೇಕು, ಅಷ್ಟೇ. ನಾಗಪ್ಪನ ಗೂಡಂಗಡಿಯಲ್ಲಿ ಬಿಡಿ ಸಿಗರೇಟು ತಂದರು. ನೂರ್ ಅಹಮದ್ ಅಪ್ಪನನ್ನು ಹುಟ್ಟಿದಾಗಿನಿಂದ ನೋಡಿದವನು. ಗಾಳಿಗೆ ಬೆನ್ನು ಕೊಟ್ಟು ಅಂಗೈಯ ಗೂಡಿನಲ್ಲಿ ಕಡ್ಡಿ ಹಚ್ಚುವುದು, ಬೂದಿಯನ್ನು ಕಿರುಬೆರಳಿನಿಂದ ತಟ್ಟುವುದು, ಮೊದಲನೇ ದಮ್ಮು ಎಳೆದು ಕಣ್ಣು ಸಣ್ಣಗೆ ಮಾಡಿ ದೂರ ನೋಡುವುದು, ಎಲ್ಲವನ್ನೂ ಹೊಗೆ ತಾಗದಂತೆ ಗಾಳಿ ಬರುವ ಕಡೆ ನಿಂತು ಹೇಳಿಕೊಟ್ಟ. ಹುಡುಗರು ಕೆಮ್ಮಿದರು, ಕಣ್ಣಲ್ಲಿ ನೀರು ತಂದುಕೊಂಡರು. ಆದರೆ ಒಬ್ಬನೂ ಬಿಡಲಿಲ್ಲ. ಪಕ್ಕದವನು ಬಿಡಲಿ, ತಾನೂ ಬಿಡೋಣ ಎಂದು ಪ್ರತಿಯೊಬ್ಬನೂ ಕಾದ. ಎಲ್ಲರೂ ಕಾಯುತ್ತಾ ಕಾಯುತ್ತಾ ಕಲಿತೇಬಿಟ್ಟರು.

"ನೀ ಯಾಕ ಸೇದವಲ್ಲಿ ಉಸ್ತಾದ್?" ಎಂದು ಕೊಟ್ರೇಶ ಕೇಳಿದರೆ ಅವನ ಬಳಿ ಉತ್ತರ ಸಿದ್ಧ. "ಈಗಿನ್ನ ಮುಗಿಸಿ ಬಂದೆ." "ಈ ಕಂಪನಿದು ನನಗ ಹಿಡಿಸಂಗಿಲ್ಲ." "ನೀವು ಕಲಿಯೋರು, ನೀವು ಸೇದ್ರಿ, ನಂದೇನೈತಿ." ರಂಜಾನ್ ತಿಂಗಳು ಬಂದರಂತೂ ಅವನಿಗೆ ಹಬ್ಬಕ್ಕೆ ಮುಂಚೆಯೇ ಹಬ್ಬ. ಉಪವಾಸ, ಹೊಗೆ ಮುಟ್ಟುವಂತಿಲ್ಲ, ಯಾರೂ ಕೇಳುವಂತಿಲ್ಲ. ಆ ವರ್ಷ ಅವನಷ್ಟು ಖುಷಿಯಿಂದ ರೋಜಾ ಹಿಡಿದವರು ಓಣಿಯಲ್ಲಿ ಇನ್ನೊಬ್ಬರಿರಲಿಲ್ಲ. ಲಾಲ್ ಬೀ ಮಗನ ಭಕ್ತಿ ನೋಡಿ ಕಣ್ಣೊರೆಸಿಕೊಂಡಳು.

ಹೀಗೆ ಎಲ್ಲ ಸುಖವಾಗಿಯೇ ಇತ್ತು, ನೀಲಗಂಗಮ್ಮ ಮೇಡಂ ಬರುವವರೆಗೆ.

ಅವರು ಸಮಾಜಶಾಸ್ತ್ರ ಹೇಳುವ ಮೇಡಂ. ಒಳ್ಳೆಯವರು, ಬಿಸಿಲಿರಲಿ ಇಲ್ಲದಿರಲಿ ಕೈಯಲ್ಲಿ ಕೊಡೆ. ಕಾಲೇಜು ಹುಡುಗರು ಸಿಗರೇಟು ಸೇದುವುದಕ್ಕೆ ಸಮಾಜ ಎಷ್ಟು ಕಾರಣ, ಮನಸ್ಸು ಎಷ್ಟು ಕಾರಣ ಎಂದು ದೊಡ್ಡ ಪದವಿಗೆ ಅಧ್ಯಯನ ಮಾಡುತ್ತಿದ್ದರು. ಹುಡುಗರನ್ನು ಒಬ್ಬೊಬ್ಬರನ್ನೇ ಕರೆದು, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಕೇಳಿದರು. ಅಪ್ಪ ಸೇದುತ್ತಾರಾ? ಸಿನಿಮಾ ನೋಡಿ ಕಲಿತೆಯಾ? ಮನಸ್ಸಿಗೆ ಏನಾದರೂ ಬೇಸರವಾ? ಹುಡುಗರು ತಲೆ ಅಲ್ಲಾಡಿಸಿದರು. ಹಾಗಾದರೆ ಯಾರ ಪ್ರಭಾವ? ಎಲ್ಲರ ಬಾಯಲ್ಲೂ ಒಂದೇ ಹೆಸರು.

ಮೇಡಂ ಬೆವರಿದರು. ಇಷ್ಟೆಲ್ಲ ಓದಿ ಬಂದದ್ದಕ್ಕೆ, ಸಮಾಜವೂ ಒಬ್ಬನೇ, ಮನಸ್ಸೂ ಅವನೊಬ್ಬನೇ! ಇವನನ್ನು ಹೀಗೇ ಬಿಟ್ಟರೆ ಕಾಲೇಜು ಹಾಳಾಗುತ್ತದೆ, ತಂದೆತಾಯಿಗೆ ಹೇಳಲೇಬೇಕು ಎಂದು, ತರಗತಿಯ ನಾಯಕ ಪ್ರವೀಣನನ್ನೇ ಜೊತೆಗೆ ಕರೆದುಕೊಂಡು ಹೊರಟರು. ಮನೆ ಅವನಿಗೂ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಪಕ್ಕದ ಸೈಕಲ್ ಅಂಗಡಿಯಲ್ಲಿ ವಿಚಾರಿಸಿದರೆ ದಾದಾಪೀರನೇ ಸಿಕ್ಕ. ಮಗ ಏನೋ ಬಹುಮಾನ ಗೆದ್ದಿರಬೇಕು ಎಂದುಕೊಂಡು ಸಂತೋಷದಿಂದ ಓಣಿಯ ಬಾಯಿತನಕ ಬಂದು ಬಾಗಿಲು ತೋರಿಸಿದ.

ನೂರ್ ಅಹಮದ್ ಆಗ ಹೊಸ್ತಿಲ ಒಳಗೆ ಮೊರದ ಮುಂದೆ ಕೂತು ಬೀಡಿಯ ಬಾಯಿ ಮುಚ್ಚುತ್ತಿದ್ದ. ತಲೆ ಎತ್ತಿದರೆ ಕೊಡೆ, ಕೊಡೆಯ ಹಿಂದೆ ಪ್ರವೀಣಕುಮಾರ. ಮೊರ ಬಚ್ಚಿಡಲು ಸಮಯವೂ ಇಲ್ಲ, ಬಚ್ಚಿಡಲು ಜಾಗವೂ ಇಲ್ಲ. ಇಡೀ ಮನೆಯೇ ಮೊರ.

"ಬರ್ರಿ ಅಮ್ಮಾರೆ, ಕುಂದರ್ರಿ. ಏ ಶಬ್ನಮ್, ಚಾ ಇಡು" ಎಂದಳು ಲಾಲ್ ಬೀ.

ಮೇಡಂ ಕೂರಲಿಲ್ಲ. "ಏನು ಹೇಳ್ಲಿ ತಾಯಿ, ನಿಮ್ಮ ಹುಡುಗ ಸಿಗರೇಟು ಸೇದ್ತಾನ. ಸೇದೋದು ಅಷ್ಟೇ ಅಲ್ಲ, ಕಾಲೇಜಿನ ಹುಡುಗ್ರಿಗೆಲ್ಲ ಕಲಿಸ್ಯಾನ."

ಲಾಲ್ ಬೀಯ ಕೈಯಲ್ಲಿನ ಕತ್ತರಿ ನಿಂತಿತು. "ಏನಂದ್ರಿ? ಸಿಗರೇಟು?"

"ಹೂಂ."

"ಬೀಡಿ ಅಲ್ಲ, ಸಿಗರೇಟು?"

"ಸಿಗರೇಟು."

"ನೋಡವಾ ಅಂಜಿನಕ್ಕ, ಕೇಳಿಲ್ಲಿ!" ಎಂದು ಲಾಲ್ ಬೀ ಹೊರಗೆ ಮುಖ ಮಾಡಿ ಕೂಗಿದಳು. ಆ ಬೆಳಿಗ್ಗೆಯೇ ಇಬ್ಬರಿಗೂ ಮಾತು ಬಿಟ್ಟಿತ್ತು, ಅದನ್ನೂ ಮರೆತಳು. "ಮನಿತುಂಬ ಬೀಡಿ ಬಿದ್ದಾವು, ನನ್ನ ಮಗ ಮಂದಿ ಮಾಲು ಸೇದ್ತಾನಂತ! ಅಮ್ಮಾರೆ, ಇವ್ನ ಅಪ್ಪ ಬೀಡಿ ಹಚ್ಚಿದ್ರ ಇವ್ನು ಬೀದಿಗೆ ಓಡ್ತಾನ. ನಿಮಗ ಯಾರು ಹೇಳಿದ್ರು?"

ಅಂಜಿನಕ್ಕ ಬಾಗಿಲಿಗೆ ಬಂದು ನಿಂತಳು. "ಈಗಿನ ಹುಡುಗ್ರು ತಾಯಿ ಮುಂದ ಒಂದು, ಹೊರಗ ಒಂದು ಬಿಡವ್ವ" ಎಂದು ಎಣ್ಣೆ ಹೊಯ್ದಳು.

ಅಷ್ಟೇ ಸಾಕಾಯಿತು. ಲಾಲ್ ಬೀ ಮೊರದಿಂದ ಒಂದು ಬೀಡಿ ತೆಗೆದು ಮಗನ ಬಾಯಿಗೆ ಹಿಡಿದಳು. "ಹಂಗೇನು? ಸೇದು. ಇವ್ರ ಮುಂದ ಸೇದಿ ತೋರಿಸು ಬೇಟಾ."

ನೂರ್ ಅಹಮದ್ ಪ್ರವೀಣನನ್ನು ನೋಡಿದ. ಬೀಡಿಯ ಮೊರ ಹೇಗೂ ಕಂಡಾಯಿತು, ಇನ್ನು ಉಳಿದದ್ದು ಉಸ್ತಾದ್ ಎಂಬ ಹೆಸರೊಂದೇ. ಅದಾದರೂ ಉಳಿಯಲಿ ಎಂದು, ಅಪ್ಪನ ಹಾಗೆ ಕಡ್ಡಿ ಗೀರಿ, ಅಂಗೈಯ ಗೂಡು ಮಾಡಿ, ಒಂದು ದಮ್ಮು ಎಳೆದೇಬಿಟ್ಟ. ಕಣ್ಣು ಸಣ್ಣಗೆ ಮಾಡಿ ದೂರ ನೋಡಲೂ ನೋಡಿದ. ಆಮೇಲೆ ಬಚ್ಚಲಿಗೆ ಓಡಿದವನು ಹೊರಗೆ ಬರಲೇ ಇಲ್ಲ. ಮಧ್ಯಾಹ್ನದ ಅನ್ನ ಬಂತು, ಬೆಳಗಿನ ಚಹಾ ಬಂತು. ಶಬ್ನಮ್ ಚೊಂಬು ಹಿಡಿದು ಹಿಂದೆ ಓಡಿದಳು.

"ಈಗ ಹೇಳ್ರಿ ಅಮ್ಮಾರೆ" ಎಂದಳು ಲಾಲ್ ಬೀ.

ಮೇಡಂ ಏನು ಹೇಳಿಯಾರು? ಚಹಾ ಕುಡಿದು, ಕ್ಷಮಿಸ್ರಿ ಎಂದು ಹೊರಟರು. ಇವನೇ ಸೇದುವುದಿಲ್ಲ ಎಂದ ಮೇಲೆ ಹುಡುಗರ ಮೇಲಿನ ಪ್ರಭಾವವನ್ನು ಯಾರ ತಲೆಗೆ ಕಟ್ಟುವುದು ಎಂಬ ಚಿಂತೆ ಅವರಿಗೆ. ಪ್ರವೀಣ ಮಾತ್ರ ಮೊರವನ್ನೊಮ್ಮೆ ಬಚ್ಚಲನ್ನೊಮ್ಮೆ ನೋಡುತ್ತಾ ಅವರ ಹಿಂದೆ ಹೋದ.

ಮರುದಿನ ನೂರ್ ಅಹಮದ್ ಕಾಲೇಜಿಗೆ ಹೋದದ್ದು ಗಲ್ಲುಗಂಬಕ್ಕೆ ಹೋದ ಹಾಗೆ. ಕಟ್ಟೆಯ ಹತ್ತಿರ ಬರುತ್ತಲೇ ಕೊಟ್ರೇಶ ಎದ್ದು ಬೆನ್ನಿಗೆ ಗುದ್ದಿದ. "ಏನ್ ನಾಟಕಲೇ ಉಸ್ತಾದ್! ಮೇಡಂ ಮುಂದ ವಾಂತಿನೇ ಮಾಡಿದೆಂತ! ಪ್ರವೀಣ ಎಲ್ಲ ಹೇಳಿದ. ಮನ್ಯಾಗೇ ಫ್ಯಾಕ್ಟರಿ ಇಟ್ಕಂಡು ನಮಗ ಹೇಳಲೇ ಇಲ್ಲಲೋ!"

ನೂರ್ ಅಹಮದ್ ಪ್ರವೀಣನ ಮುಖ ನೋಡಿದ. ಪ್ರವೀಣ ಬೇರೆ ಕಡೆ ನೋಡುತ್ತಾ ಹೊಗೆ ಬಿಟ್ಟ. ಅವನಿಗೆ ನಿಜ ಗೊತ್ತಿತ್ತು. ಆದರೆ ಗುರುವೇ ಸೇದುವವನಲ್ಲ ಎಂದರೆ, ಅವನ ಮುಂದೆ ಕಣ್ಣೀರು ಸುರಿಸಿ ಕಲಿತ ಶಿಷ್ಯನ ಮರ್ಯಾದೆ ಎಲ್ಲಿ ಉಳಿಯಿತು? ತನ್ನ ಮರ್ಯಾದೆ ಉಳಿಸಿಕೊಳ್ಳಲು ಅವನು ಗುರುವಿನದನ್ನೂ ಉಳಿಸಿದ್ದ. "ಬೀಡಿ" ಎಂದು ಯಾರೂ ಕರೆಯಲಿಲ್ಲ. ಯಾವುದಕ್ಕೆ ಹೆದರಿ ಇಷ್ಟು ಕಾಲ ಅಂಗಿ ಕುಕ್ಕಿದ್ದನೋ ಅದೇ ಈಗ ಕಿರೀಟ. ಅವತ್ತಿನಿಂದ ಹುಡುಗರು ಸಂಜೆಯಾದರೆ ಲಾಲ್ ಬೀಯ ಬಾಗಿಲಿಗೆ ಬಂದು, "ಅಮ್ಮಾ, ಕಳಪಿ ಬೀಡಿ ಏನಾರ ಇದ್ರ ಕೊಡ್ರಿ" ಎನ್ನತೊಡಗಿದರು.

ದಾದಾಪೀರನಿಗೆ ತನ್ನ ಪಾಲಿನ ಬೀಡಿ ಹೋಯಿತೆಂದು ಸಿಟ್ಟು. ಲಾಲ್ ಬೀಗೆ ಬೇರೆಯದೇ ಅನುಮಾನ. ಮಗನನ್ನು ಎದುರಿಗೆ ಕೂರಿಸಿಕೊಂಡಳು. "ನಿಜ ಹೇಳು. ಈ ಹುಡುಗ್ರಿಗೆ ಕಲಿಸಿದಾಂವ ನೀನೇನು?"

"ನಾ ಸೇದಂಗಿಲ್ಲಮ್ಮ."

"ಅದು ಕೇಳಿಲ್ಲ ನಾನು. ಕಲಿಸಿದಿಯಾ?"

"...ಹೂಂ."

"ಯಾಕ?"

ಅವನು ಮೊರದ ಕಡೆ ನೋಡಿ ಕಣ್ಣು ತಗ್ಗಿಸಿದ. ಲಾಲ್ ಬೀಗೆ ತಿಳಿಯಿತು. ಕೈಯಲ್ಲಿದ್ದ ಎಲೆ ಸುತ್ತಿ ಮೊರಕ್ಕೆ ಹಾಕಿದಳು. ಒಳಗಿನಿಂದ ದಾದಾಪೀರನ ಕೆಮ್ಮು ಕೇಳುತ್ತಿತ್ತು.

"ನಾ ಕಟ್ಟೋದು ಹೊಟ್ಟಿಗೆ. ಸೇದು ಅಂತ ಯಾರಿಗೂ ಹೇಳಿದಾಕಿ ಅಲ್ಲ, ನಿಮ್ಮ ಅಬ್ಬಾಗೂ ಹೇಳಿಲ್ಲ. ನೀ ಕಲಿಸೀದಿ, ನೀನೇ ಬಿಡಿಸು. ಬಿಡಿಸೋತನ ನನ್ನ ಮೊರಕ್ಕ ಕೈ ಹಚ್ಚಬ್ಯಾಡ."

ಬಿಡಿಸುವುದು ಹೇಗೆ? ನಿಜ ಹೇಳಿದರೆ ಬಿಟ್ಟಾರು ಎಂದುಕೊಂಡು ಕಟ್ಟೆಗೆ ಹೋಗಿ, "ಲೇ, ನಾನು ಯಾವತ್ತೂ ಸೇದೇ ಇಲ್ಲ" ಎಂದ. ಕೊಟ್ರೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ಉಳಿದವರೂ ನಕ್ಕರು. ನಗು ನಿಂತ ಮೇಲೆ ನೂರ್ ಅಹಮದನಿಗೆ ಬೇರೆ ದಾರಿ ತೋಚಲಿಲ್ಲ.

"ಹೋಗ್ಲಿ ಬಿಡ್ರಲೇ. ನಾ ಬಿಟ್ಟೀನಿ. ಇವತ್ತಿಂದ ಬಂದ್."

ಇದನ್ನು ಎಲ್ಲರೂ ನಂಬಿದರು. ಏಳನೇ ಕ್ಲಾಸಿನಿಂದ ಸೇದಿದವನು ಬಿಡುವುದೆಂದರೆ! ಎಂಥ ಗಂಡು! ಇವನು ಬಿಡಬಲ್ಲನಾದರೆ ತಾವೇನು ಕಡಿಮೆ? ಕೊಟ್ರೇಶ ಕೈಯಲ್ಲಿದ್ದ ಸಿಗರೇಟನ್ನು ಮೋರಿಗೆ ಎಸೆದ. ಒಬ್ಬನ ಹಿಂದೆ ಒಬ್ಬ ಎಸೆದರು. ಕಡೆಗೆ ಪ್ರವೀಣನೂ ಎಸೆದ, ನೂರ್ ಅಹಮದನನ್ನು ಒಂದು ಥರ ನೋಡುತ್ತಾ.

ಎಸೆದದ್ದೇನೋ ಆಯಿತು, ಕೈ ಸುಮ್ಮನಿರಬೇಕಲ್ಲ. ಮಾರನೇ ದಿನವೇ ತಲೆ ಕೆರೆಯುವವನು ಕೆರೆದ, ಉಗುರು ಕಚ್ಚುವವನು ಕಚ್ಚಿದ. "ನೀ ಹೆಂಗ ಬಿಟ್ಟೆಲೇ ಉಸ್ತಾದ್? ಕೈ ತಡೀವಲ್ದು" ಎಂದರು. ಎಂದೂ ಹಿಡಿಯದವನು ಬಿಡುವುದನ್ನು ಏನು ಕಲಿಸಿಯಾನು? ತನಗೆ ಗೊತ್ತಿದ್ದ ಒಂದೇ ಕೈಕೆಲಸ ಹೇಳಿದ. "ಮನಿಗೆ ಬರ್ರಿ."

ಹಾಗಾಗಿ ಲಾಲ್ ಬೀಯ ಮನೆ ಮುಂದಿನ ಕಟ್ಟೆಯ ಮೇಲೆ ಕಾಲೇಜಿನ ಗಂಡುಹುಡುಗರು ಸಾಲಾಗಿ ಕೂತು ಬೀಡಿಯ ಬಾಯಿ ಮುಚ್ಚತೊಡಗಿದರು. ಸಿಗರೇಟು ಬಿಡಲು ಬೀಡಿ ಕಟ್ಟುವ ಕ್ರಮ ಬೇರೆ ಯಾವ ಊರಲ್ಲಾದರೂ ಇದೆಯೋ ಇಲ್ಲವೋ. ಆದರೆ ಬೆರಳಿಗೆ ಕೆಲಸ ಸಿಕ್ಕಿತು. ಓಣಿಯ ಹೆಂಗಸರು ನೀರು ತರುವ ನೆವದಲ್ಲಿ ಎರಡೆರಡು ಸಲ ಹಾದುಹೋದರು. ಅಂಜಿನಕ್ಕ "ನಮ್ಮ ಮನಿಗೂ ಇಬ್ಬರನ್ನ ಕಳಿಸು ಲಾಲವ್ವ, ಭಾಳ ಬಾಕಿ ಅದಾವು" ಎಂದಳು.

"ಇದೇನಲೇ ಪ್ರವೀಣ, ಬೀಡಿ ಬಾಯಿ ಮುಚ್ಚು ಅಂದ್ರ ಕುತ್ತಿಗಿ ಹಿಚುಕಿದಂಗ ಮಾಡೀದಿ" ಎಂದು ಲಾಲ್ ಬೀ ಬೈಯುತ್ತಿದ್ದಳು. ಅವನು ಮುಚ್ಚಿದ್ದನ್ನೆಲ್ಲ ಶಬ್ನಮ್ ಸುಮ್ಮನೆ ಬಿಚ್ಚಿ ಮತ್ತೆ ಮುಚ್ಚುತ್ತಿದ್ದಳು.

ಹದಿನೈದು ದಿನವೋ ಇಪ್ಪತ್ತು ದಿನವೋ ಹೀಗೆ ನಡೆದಿರಬೇಕು, ಉಜ್ಜಿನಪ್ಪನಿಗೆ ಸುದ್ದಿ ಮುಟ್ಟಿತು. ಅಂಗಡಿಯ ಗದ್ದಿಗೆ ಬಿಟ್ಟು, ಬಿಳಿ ಪಂಚೆ ಎತ್ತಿ ಹಿಡಿದು, ವಿಭೂತಿಯ ಹಣೆಯಲ್ಲಿ ಬೆವರು ಇಳಿಸುತ್ತಾ ಓಣಿಗೆ ಬಂದ. ಮಗನ ತೊಡೆಯ ಮೇಲೆ ಮೊರ.

"ಲೇ! ಡಿಗ್ರಿ ಓದು ಅಂತ ಕಳಿಸಿದ್ರ ಬೀಡಿ ಕಟ್ಟಾಕ ಹತ್ತೀಯೇನಲೇ?"

ಪ್ರವೀಣ ಗಾಬರಿಯಾಗಿ ಎದ್ದ. ಬೀಡಿಯೆಲ್ಲ ನೆಲಕ್ಕೆ. "ಇಲ್ಲಪ್ಪ, ಅದು... ಸಿಗರೇಟು ಬಿಟ್ಟೀನಿ, ಅದಕ್ಕ..."

"ಬಿಟ್ಟೀಯಾ? ಹಿಡಿದಿದ್ದು ಯಾವಾಗ?"

ಉಜ್ಜಿನಪ್ಪ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದು ನೂರ್ ಅಹಮದನ ಮುಂದೆ ನಿಂತ.

"ಇವ್ನೇ ಏನು ಕಲಿಸಿದಾಂವ? ಈ ಬೀಡಿ ಮಂದಿ ಹುಡುಗ?"

ನೂರ್ ಅಹಮದ್ ಯಾವ ಮಾತಿಗೆ ಹೆದರಿ ಇಷ್ಟೆಲ್ಲ ಮಾಡಿಕೊಂಡಿದ್ದನೋ ಅದು ಕಡೆಗೂ ಬಂತು, ಅದೂ ತಾಯಿಯ ಎದುರಿಗೆ. ಲಾಲ್ ಬೀ ಬಾಯಿ ತೆರೆದಳು. ಅವಳು ಬಾಯಿ ತೆರೆದರೆ ಏನಾಗುತ್ತದೆ ಎಂದು ಓಣಿಗೆ ಗೊತ್ತು. ಅಷ್ಟರಲ್ಲಿ ನೂರ್ ಅಹಮದನೇ ಮುಂದೆ ಬಂದ. "ಹೌದ್ರಿ, ನಾನೇ ಕಲ್ಸಿದ್ದು."

"ಸುಳ್ಳಪ್ಪ!" ಎಂದು ಪ್ರವೀಣ ನಡುವೆ ನುಗ್ಗಿದ. "ಇವ್ನಿಗೆ ಸೇದಾಕ ಬರಂಗೇ ಇಲ್ಲ. ಒಂದು ದಮ್ ಎಳದ್ರ ವಾಂತಿ ಮಾಡ್ಕಂತಾನ. ನಾನೇ ಕಣ್ಣಾರೆ ನೋಡೀನಿ. ನಾಟಕ ಅಂತ ಎಲ್ರಿಗೂ ಹೇಳಿದಾಂವ ನಾನು. ನಾವು ನಾವೇ ಕಲ್ತಿದ್ದು."

ಉಜ್ಜಿನಪ್ಪ ಮಗನನ್ನು ನೋಡಿದ, ಲಾಲ್ ಬೀಯನ್ನು ನೋಡಿದ, ಇನ್ನು ಯಾರ ಮೇಲೆ ಕೂಗುವುದೆಂದು ತಿಳಿಯದೆ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡ. ಲಾಲ್ ಬೀ ತೆರೆದ ಬಾಯಿಯನ್ನು ಮುಚ್ಚಿಕೊಂಡು, "ಕುಂದರ್ರಿ ಸಾವ್ಕಾರ್ರೆ, ಬಿಸಿಲಾಗ ಬಂದೀರಿ" ಎಂದಳು. ಅವನು ಕೂತ.

ಆದರೆ ಕಟ್ಟೆಯ ಮೇಲಿದ್ದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ಕೊಟ್ರೇಶ ಮೊರವನ್ನು ಕೆಳಗಿಟ್ಟ.

"ಅಂದ್ರ... ಇವ್ನು ಸೇದೇ ಇಲ್ಲ?"

"ಇಲ್ಲ" ಎಂದ ಪ್ರವೀಣ.

"ಮತ್ತ ಬಿಟ್ಟೀನಿ ಅಂದಿದ್ದು ಏನಲೇ? ಸೇದದಾಂವನ ಮಾತು ಕೇಳಿ ನಾವು ಬಿಟ್ಟೆವಾ?"

ಅವಮಾನ ಎಂದರೆ ಎಂಥ ಅವಮಾನ! ಇಂಥವನಿಂದ ಕಲಿತದ್ದಕ್ಕೆ ಅವರಿಗೆ ಅಷ್ಟು ಸಿಟ್ಟಿರಲಿಲ್ಲ, ಬಿಟ್ಟದ್ದಕ್ಕೆ ಸಿಟ್ಟು. ಕೊಟ್ರೇಶ ಅಂಗಿ ಕೊಡವಿಕೊಂಡು ಇಳಿದ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ, ಮೋರಿಗೆ ಎಸೆದಾಗ ಹೇಗೋ ಹಾಗೆಯೇ ಸಾಲಾಗಿ, ನೆಟ್ಟಗೆ ನಾಗಪ್ಪನ ಗೂಡಂಗಡಿಗೆ ಹೋದರು.

ಉಸ್ತಾದ್ ಎಂಬ ಹೆಸರು ಅವತ್ತಿಗೇ ಹೋಯಿತು, ಮೋರಿ ಕಟ್ಟೆಯ ಮೇಲಿನ ಎರಡು ಮೊಳ ಜಾಗವೂ ಅದರ ಜೊತೆಗೆ. ಹುಡುಗರು ಹೋದ ದಾರಿಯನ್ನೇ ನೂರ್ ಅಹಮದ್ ಸ್ವಲ್ಪ ಹೊತ್ತು ನೋಡಿದ. ಪ್ರವೀಣ ಹೋಗಿರಲಿಲ್ಲ. ಉಜ್ಜಿನಪ್ಪ ಚಹಾ ಊದಿ ಊದಿ ಕುಡಿಯುತ್ತಿದ್ದ. ಅಪ್ಪನ ಎದುರಿಗೆ ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಪ್ರವೀಣ ಮೊಣಕಾಲೂರಿ, ಚೆಲ್ಲಿದ ಬೀಡಿಗಳನ್ನು ಆಯುತ್ತಿದ್ದ. ನೂರ್ ಅಹಮದನೂ ಪಕ್ಕದಲ್ಲಿ ಕೂತು ಆಯತೊಡಗಿದ.

"ನೀನು ಹೋಗಲಿಲ್ಲೇನಲೇ?" ಎಂದು ಮೆಲ್ಲಗೆ ಕೇಳಿದ.

"ಎಲ್ಲಿಗೆ?" ಎಂದ ಪ್ರವೀಣ. "ನನಗೂ ಅದು ಸೇರ್ತಿದ್ದಿಲ್ಲಲೇ. ನೀನು ನೋಡ್ತಿದ್ದಿಯಲ್ಲ, ಅದಕ್ಕ ಸೇದ್ತಿದ್ದೆ."